ಶಜಾಮ್ ಎಂದರೂ ತೆರೆಯದ ಮುಚ್ಚಳ

ನಲವತ್ತು ದಾಟಿದ ಗಂಡಸು ಸೂಪರ್‌ಹೀರೋಗಳ ಹಾಗೆ ಕೂಗಬಾರದೆಂದು ಯಾವ ಕಾನೂನೂ ಹೇಳಿಲ್ಲ. ಮನೆಮಂದಿಯನ್ನು ಮದುವೆಗೆ ಹೊರಡಿಸಲು ನಾನು 'ಅವೆಂಜರ್ಸ್ ಅಸೆಂಬಲ್' ಎಂದೇ ಕೂಗುವುದು. ಯಾರೂ ಹೊರಡುವುದಿಲ್ಲ, ಆ ಮಾತು ಬೇರೆ.

ಹೀಗಿರುವಾಗ ಒಂದು ಹಬ್ಬದ ದಿನ, ಹೆಂಡತಿಯ ತವರಿನಲ್ಲಿ ಎಲೆ ಹಾಕಿ ಅನ್ನ ಬಡಿಸಿಯಾಗಿತ್ತು. ಮಿಡಿ ಉಪ್ಪಿನಕಾಯಿ ಬಾಟ್ಲಿಯ ಮುಚ್ಚಳ ಮಾತ್ರ ಬರಲೊಲ್ಲದು. ಅಳಿಯನೆಂಬ ಹಮ್ಮಿನಿಂದ ಕೈಗೆತ್ತಿಕೊಂಡೆ. ಪಂಚೆ ಎತ್ತಿ ಕಟ್ಟಿ, ಉಸಿರೆಳೆದು, "ಶಜಾಮ್!" ಎಂದೆ. ಕಾಮಿಕ್ಸ್‌ನಲ್ಲಾದರೆ ಆ ಒಂದು ಕೂಗಿಗೆ ಆರು ಜನ ಓಗೊಡಬೇಕು. ಮೊದಲು ಸಾಲೊಮನ್ನನ ವಿವೇಕ ಬಂತು: ಎಡಕ್ಕೋ ಬಲಕ್ಕೋ ಎಂದು ಯೋಚಿಸಿದೆ. ಹರ್ಕ್ಯುಲಿಸ್‌ನ ಬಲ ಬಂತು: ಅಂಗೈ ಕೆಂಪಾಯಿತು. ಅಟ್ಲಾಸ್‌ನ ಕಸುವು ಬಂತು: ಸಾರು ಆರುವವರೆಗೂ ಬಿಡಲಿಲ್ಲ. ಜೀಯಸ್‌ನ ಶಕ್ತಿ ಇಳಿಯುವ ಹೊತ್ತಿಗೆ ಭುಜದಲ್ಲಿ ಚಳಕು. ಅಕಿಲೀಸ್‌ನ ಧೈರ್ಯದಿಂದ ಹಲ್ಲು ಹಾಕಿದೆ. ಮರ್ಕ್ಯುರಿಯ ವೇಗದಲ್ಲಿ ಹಲ್ಲು ತೆಗೆದೆ.

ಅತ್ತೆ ಬಾಟ್ಲಿ ಇಸಿದುಕೊಂಡು, ಬುಡ ಮೇಲು ಮಾಡಿ ಎರಡು ಪೆಟ್ಟು ಕೊಟ್ಟು ತೆರೆದರು. ಏನೂ ಕೂಗಲಿಲ್ಲ.

ಆಗ ಭಾವಮೈದುನನ ಮಗ ಬಾಯಿ ತೆರೆದ: "ಮಾವ, ನಿಮ್ ಟೀ ಶರ್ಟಲ್ಲಿರೋದು ಸ್ಪೈಡರ್‌ಮ್ಯಾನ್. ಅವ್ನು ಮಾರ್ವೆಲ್. ಶಜಾಮ್ ಡಿಸಿ. ಮಿಕ್ಸ್ ಮಾಡ್ಬಾರ್ದು."

ಮಿಕ್ಸ್ ಮಾಡಬಾರದಂತೆ! ಅನ್ನಕ್ಕೆ ಸಾರು ಕಲಸುತ್ತಲೇ ಶುರುಮಾಡಿದೆ. ಶಜಾಮ್ ಎನ್ನುತ್ತಿದ್ದ ಕ್ಯಾಪ್ಟನ್ ಮಾರ್ವೆಲ್ ಮೂಲದಲ್ಲಿ ಡಿಸಿಯವನೇ ಅಲ್ಲ, ಫಾಸೆಟ್ ಕಂಪನಿಯವನು. ಸೂಪರ್‌ಮ್ಯಾನ್‌ನ ನಕಲೆಂದು 1941ರಲ್ಲಿ ಅವನ ಮೇಲೆ ಕೇಸು ಹಾಕಿದ್ದು ಇವತ್ತಿನ ಡಿಸಿ. 1953ರಲ್ಲಿ ಫಾಸೆಟ್ ದುಡ್ಡು ತೆತ್ತು ಅವನನ್ನು ನಿಲ್ಲಿಸಿತು. ಅನಾಥವಾಗಿದ್ದ ಹೆಸರನ್ನು 1967ರಲ್ಲಿ ಮಾರ್ವೆಲ್ ತನ್ನ ಬೇರೊಬ್ಬ ಹೀರೋಗೆ ಇಟ್ಟುಕೊಂಡಿತು. ತಾನೇ ಮುಳುಗಿಸಿದವನನ್ನು 1972ರಲ್ಲಿ ಡಿಸಿ ಪರವಾನಗಿ ಪಡೆದು ಮನೆಗೆ ಕರೆತಂದರೆ, ಹೊದಿಕೆಯ ಮೇಲೆ ಹಾಕಲು ಅವನ ಹೆಸರೇ ಇಲ್ಲ! ಅವನ ಕೂಗನ್ನೇ ಪುಸ್ತಕದ ಹೆಸರು ಮಾಡಿದರು, ಆಮೇಲೆ ಅವನ ಹೆಸರನ್ನೂ ಅದೇ ಮಾಡಿದರು. ಅಲ್ಲಿಂದ ಆ ಪಾಪದವನಿಗೆ, ಯಾರಿಗಾದರೂ ತನ್ನ ಹೆಸರು ಹೇಳಿಕೊಂಡರೆ ಸಿಡಿಲು ಬಡಿದು ಮತ್ತೆ ಸಣ್ಣ ಹುಡುಗನಾಗಿಬಿಡುವ ಭಯ ಹತ್ತಿಕೊಂಡಿತು. ಮದುವೆಮನೆಯಲ್ಲಿ ಪರಿಚಯ ಮಾಡಿಕೊಳ್ಳುವುದು ಹೇಗೆ, ನೀವೇ ಹೇಳಿ.

ಹುಡುಗ ಹಪ್ಪಳ ಮುರಿಯುತ್ತಿದ್ದ.

ಜಗಳ ಕಂಪನಿಗಳದ್ದು, ಅವುಗಳಿಗಿಂತ ಹೆಚ್ಚಾಗಿ ಅಭಿಮಾನಿಗಳದ್ದು. ಬರೆಯುವವರು ಮಾತ್ರ ಬೇಲಿ ಹಾರುತ್ತಲೇ ಇದ್ದರು. ವಾಲ್ಟರ್ ಸೈಮನ್‌ಸನ್ 1984ರಲ್ಲಿ ಮಾರ್ವೆಲ್‌ನ ಥಾರ್‌ಗೆ ಕನ್ನಡಕ ಹಾಕಿ ಮಾರುವೇಷದಲ್ಲಿ ಕಳಿಸಿದಾಗ, ಅವನು ಡಿಕ್ಕಿ ಹೊಡೆದದ್ದು ಇನ್ನೊಬ್ಬ ಕನ್ನಡಕದವನಿಗೆ. ಹೆಸರು ಹೇಳಿಲ್ಲ, ಮೆಟ್ರೊಪೊಲಿಸ್‌ನ ಪತ್ರಕರ್ತನೆಂದು ಗುರುತಿಸಲು ಹೆಸರೇಕೆ? ಎರಡೂ ಕಂಪನಿಗಳು ಸೇರಿ ತಂದ 2003-04ರ 'ಜೆಎಲ್‌ಎ/ಅವೆಂಜರ್ಸ್'ನಲ್ಲಂತೂ ಸೂಪರ್‌ಮ್ಯಾನ್ ಕೈಗೇ ಥಾರ್‌ನ ಸುತ್ತಿಗೆ ಬಂತು. ಬರೆದವರು ಕರ್ಟ್ ಬ್ಯುಸಿಕ್, ಚಿತ್ರ ಜಾರ್ಜ್ ಪೆರೆಜ್ ಅವರದು.

ಆ ಪೆರೆಜ್‌ಗೆ ಮೇದೋಜೀರಕಾಂಗದ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ, 2022ರಲ್ಲಿ ಎರಡೂ ಕಂಪನಿಗಳು ಒಪ್ಪಿ ಅದೇ ಪುಸ್ತಕದ 7000 ಪ್ರತಿಗಳನ್ನು ಮತ್ತೆ ಅಚ್ಚುಹಾಕಿಸಿದವು; ಹಣ ಕಷ್ಟದಲ್ಲಿರುವ ಕಾಮಿಕ್ಸ್ ಕಲಾವಿದರ ನೆರವಿನ ಸಂಸ್ಥೆಗೆ. ಆ ಮೇ ತಿಂಗಳಲ್ಲಿ ಪೆರೆಜ್ ತೀರಿಕೊಂಡರು. ನನಗೆ ಪ್ರತಿ ಸಿಗಲಿಲ್ಲ. ಕೊಂಡವರಲ್ಲಿ ಕೆಲವರು ಪುಟ ತೆರೆಯದೆ ಹಲವು ಪಟ್ಟು ಬೆಲೆಗೆ ಮಾರಾಟಕ್ಕಿಟ್ಟರು. ಅಂಥವರ ಮನೆಗೆ ಹಲ್ಕ್‌ನನ್ನು ಕಳಿಸಬೇಕು, ಯಾವ ಕಂಪನಿಯವನೆಂದು ಆಮೇಲೆ ವಿಚಾರಿಸಿಕೊಳ್ಳಲಿ.