ಕರಿದ ಮೀನಿನ ಮಹಾತ್ಮೆ

ಮೀನು ಹೃದಯಕ್ಕೆ ಒಳ್ಳೇದು ಎಂದು ಡಾಕ್ಟರು ಹೇಳಿದ ದಿನದಿಂದ ನಾನು ಅವರ ಮಾತು ಮೀರಿಲ್ಲ. ಕರಿದದ್ದು ಬೇಡ ಎಂದೇನೂ ಅವರು ಬರೆದುಕೊಟ್ಟಿಲ್ಲ. ಚೀಟಿ ಇನ್ನೂ ನನ್ನ ಕಿಸೆಯಲ್ಲೇ ಇದೆ.

ಕಡೇಚೂರಿನಲ್ಲಿ ಬೋಗಿ ಕಾರ್ಖಾನೆಯವರು, ಔಷಧ ಕಾರ್ಖಾನೆಯವರು ಪಾಳಿ ಮುಗಿಸಿ ಬರುವ ಹೊತ್ತಿಗೆ ರಸ್ತೆ ಬದಿಯ ಬಂಡಿಯಲ್ಲಿ ಬಾಣಲಿ ಕಾದಿರುತ್ತದೆ. ಇಲ್ಲಿನ ಗಾಳಿಯ ಘಾಟನ್ನು ಸೋಲಿಸುವ ಶಕ್ತಿ ಇರುವುದು ಆ ಒಂದು ಬಾಣಲಿಗೆ.

ರೋಹು ಪಾಪದ ಮೀನು. ನೂರು ಗ್ರಾಂನಲ್ಲಿ ಪ್ರೋಟೀನು ಸುಮಾರು 17 ಗ್ರಾಂ, ಕೊಬ್ಬು ಒಂದೆರಡೇ ಗ್ರಾಂ. ದಾರಿದ್ರ್ಯವೆಂದರೆ ಇದು. ಪ್ರೋಟೀನಿನ ಒಂದು ಗ್ರಾಂಗೆ 4 ಕ್ಯಾಲೊರಿ, ಕೊಬ್ಬಿನ ಒಂದು ಗ್ರಾಂಗೆ 9 ಎಂದು ಶಾಸ್ತ್ರವೇ ಹೇಳುವಾಗ ಯಾವುದು ಮೇಲೆಂಬ ವಾದ ಯಾಕೆ? ಕಡ್ಲಿಹಿಟ್ಟು ಮೆತ್ತಿಕೊಂಡು ಬಡವನಾಗಿ ಇಳಿದ ಮೀನು ಸಾಹುಕಾರನಾಗಿ ಮೇಲೇಳುತ್ತದೆ. ಮಿರಗದ ದಿನ ನಮ್ಮ ಕಡೆಯವರು ರೈಲು ಹತ್ತಿ ಹೈದರಾಬಾದಿನ ನಾಂಪಲ್ಲಿಗೆ ಹೋಗಿ, ಉಬ್ಬಸಕ್ಕೆಂದು ಜೀವಂತ ಮೀನುಮರಿ ನುಂಗಿ ಬರುತ್ತಾರೆ. ಅಷ್ಟು ದೂರ ಹೋಗಿ, ಒಂದು ಹನಿ ಎಣ್ಣೆ ಸೋಕದ ಮೀನು!

ಎಣ್ಣೆಯದಂತೂ ಒಂದು ಪರಂಪರೆ. ಹಾಲಿಗೆ ಹೆಪ್ಪು ಹಾಕಿದಂತೆ ನಿನ್ನಿನದರ ಮೇಲೆ ಇಂದಿನದು ಬೀಳುತ್ತದೆ. ಮೊನ್ನೆಯ ಮಿರ್ಚಿ, ನಿನ್ನೆಯ ಕಬಾಬು, ಎಲ್ಲದರ ಸಾರ ತಳದಲ್ಲಿ ಕರ್ರಗೆ ಕೂತಿರುತ್ತದೆ. ಒಂದು ತುಂಡಿನ ದುಡ್ಡಿಗೆ ಮೂರು ದಿನದ ಸತ್ವ. ಮೀನು ಬಿಟ್ಟೊಡನೆ ಅಂಚಿಗೇರಿದ ನೊರೆ ಎಷ್ಟು ಹೊತ್ತಾದರೂ ಒಡೆಯುವುದಿಲ್ಲ. ಹೊಸ ಎಣ್ಣೆಗೆ ಇಂಥ ಸ್ಥಿರಬುದ್ಧಿ ಎಲ್ಲಿಂದ ಬರಬೇಕು? ಎಣ್ಣೆಯಲ್ಲಿ ಪೋಲಾರ್ ಕಾಂಪೌಂಡ್ ಶೇ. 25 ದಾಟಿದರೆ ಚೆಲ್ಲಿಬಿಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಿಂದ ಹೇಳುತ್ತಿದೆ. 35 ಬಂದರೆ ಪಾಸೆನ್ನುತ್ತಿದ್ದ ನಾಡಿನಲ್ಲಿ 25ಕ್ಕೇ ಹೊರಗೆ ಹಾಕುವುದು ಯಾವ ನ್ಯಾಯ? ಮೀನಿನ ಕಬಾಬಿಗೂ ಕೃತಕ ಬಣ್ಣ ಕೂಡದೆಂದು 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಆದೇಶ ಹೊರಡಿಸಿತು. ನಮ್ಮ ಬಂಡಿಯ ಮೀನು ಕೆಂಪಗಿರುವುದು ನಾಚಿಕೆಗೆ.

ಮೊನ್ನೆ ಮಾತ್ರ ನಿರಾಶೆಯಾಯಿತು. ಬಾಣಲಿಯ ತಳ ಕಣ್ಣಿಗೆ ಕಾಣುತ್ತಿತ್ತು. ಬಂಡಿಯವನು ತಪ್ಪು ಮಾಡಿದವನ ಹಾಗೆ ಝಾರಿ ಕೆಳಗಿಟ್ಟ.

‘ಇವತ್ತ ಎಣ್ಣಿ ಹೊಸಾದು ಹಾಕೀನ್ರಿ ಸರ. ರುಚಿ ಬರಂಗಿಲ್ಲ. ಎರಡು ದಿನ ಬಿಟ್ಟು ಬರ್ರಿ.’