ಕೂರಲು ಪುರುಸೊತ್ತು ಸಿಕ್ಕ ನಾಯಿ

ನಾಯಿಗೆ ಕೆಲಸವಿಲ್ಲ, ಕೂರಲು ಪುರುಸೊತ್ತಿಲ್ಲ ಎಂಬ ಗಾದೆ ಕಟ್ಟಿದವರು ಕಂಡದ್ದು ಥೈರಾಯ್ಡ್ ನೆಟ್ಟಗಿದ್ದ ನಾಯಿಯನ್ನೇ ಇರಬೇಕು. ನಡುವಯಸ್ಸಿನ ಗೋಲ್ಡನ್ ರಿಟ್ರೀವರೊಂದು ಗೇಟು ಕಿರುಗುಟ್ಟಿದರೂ ಏಳದೆ, ಒಂದೇ ಕಣ್ಣು ತೆರೆದು, ಬಾಲವನ್ನು ನೆಲಕ್ಕೆ ಒಮ್ಮೆ ಬಡಿದು ಹಾಜರಿ ಹಾಕಿತೆಂದರೆ ಮನೆಮಂದಿಯ ತೀರ್ಪು ಸಿದ್ಧ: ತಿಂದು ಕೊಬ್ಬಿದೆ, ಮೈಗಳ್ಳ. ನನ್ನ ತಕರಾರು ಇರುವುದು ಈ ತೀರ್ಪಿನ ಬಗ್ಗೆ. ಮೈಗಳ್ಳತನ ಮನಸ್ಸಿನ ಗುಣ. ಇಲ್ಲಿ ಮುಷ್ಕರ ಹೂಡಿರುವುದು ಸ್ನಾಯು ಇರಬಹುದು. ನಾಯಿಯ ಸ್ವಂತ ರಕ್ಷಣಾಕಣಗಳೇ ಕೊರಳಿನ ಥೈರಾಯ್ಡ್ ಗ್ರಂಥಿಯನ್ನು ಮುತ್ತಿ ಹಾಳುಮಾಡಿದಾಗಲೋ, ಗ್ರಂಥಿ ತಾನಾಗಿ ಸೊರಗಿದಾಗಲೋ ಹಾರ್ಮೋನು ಇಳಿಯುತ್ತದೆ. ಆಗ ಚಂಗನೆ ನೆಗೆಯಲು ಬೇಕಾದ ವೇಗದ ಎಳೆಗಳು ಬಡವಾಗಿ, ಸ್ನಾಯುವಿನಲ್ಲಿ ನಿಧಾನದ ಎಳೆಗಳಿಗೆ ಬಹುಮತ ಬರುತ್ತದೆ. ವಿಕಿರಣ ಅಯೋಡಿನ್ ಕೊಟ್ಟು ಗ್ರಂಥಿಯನ್ನು ನಿಲ್ಲಿಸಿದ ನಾಯಿಗಳ ಸ್ನಾಯುವಿನ ಚೂರುಗಳಲ್ಲಿ ಇದು ಕಂಡಿದೆ. ಸ್ನಾಯು ನೊಂದಾಗ ರಕ್ತಕ್ಕೆ ಸೋರುವ ಕ್ರಿಯಾಟಿನ್ ಕೈನೇಸ್ ಕೂಡ ಏರಿತ್ತು.

ಆದರೆ ಆ ನಾಯಿಗಳು ಹೊರನೋಟಕ್ಕೆ ಗಟ್ಟಿಯಾಗಿಯೇ ಇದ್ದವಲ್ಲ ಎಂದು ಯಾರಾದರೂ ಕೇಳಬಹುದು. ಇದ್ದವು, ನಿಜ. ಸ್ನಾಯು ಒಳಗೊಳಗೇ ಸವೆಯುವಾಗಲೂ ನಡಿಗೆ ಸುಳಿವು ಕೊಡದೇ ಇರಬಹುದು ಎಂಬುದಕ್ಕೇ ಅದು ಸಾಕ್ಷಿ. ಇಂಥದ್ದನ್ನು ಸೋಫಾದಲ್ಲಿ ಕೂತು ನಿರ್ಧರಿಸುವ ನಾವೆಷ್ಟರವರು? ವಯಸ್ಸು, ಸೆಖೆ, ಎಲ್ಲರ ತಟ್ಟೆಯಿಂದಲೂ ಬೀಳುವ ದೋಸೆಯ ತುದಿ, ಇವೂ ನಾಯಿಯನ್ನು ಮಲಗಿಸುತ್ತವೆ. ಥೈರಾಯ್ಡ್ ಕುಗ್ಗಿದ ನಾಯಿಯಾದರೋ ಹೆಚ್ಚು ತಿನ್ನದೆಯೂ ದಪ್ಪಗಾಗುತ್ತದೆ, ಬಿಸಿಲು ಹುಡುಕುತ್ತದೆ, ಬಾಲ ಇಲಿಯದರಂತೆ ಬೋಳಾಗುತ್ತದೆ, ಮುಖ ಊದಿ ಶೋಕಸಭೆಯ ಅಧ್ಯಕ್ಷರ ಕಳೆ ಬರುತ್ತದೆ. (ಬೆಕ್ಕಿಗೆ ಮಾತ್ರ ಮುಪ್ಪಿನಲ್ಲಿ ಇದೇ ಗ್ರಂಥಿ ಅತಿಯಾಗಿ ದುಡಿದು ಕಾಟ ಕೊಡುತ್ತದೆ, ಇಲ್ಲೂ ಅದಕ್ಕೆ ನಾಯಿಯ ಜೊತೆ ಒಮ್ಮತವಿಲ್ಲ.)

ಹಾಗಾದರೆ ಮಲಗಿದ ನಾಯಿಗೆಲ್ಲ ಮಾತ್ರೆ ನುಂಗಿಸೋಣವೇ? ಬೇಡ. ಬೇರೆ ಕಾಯಿಲೆಯಲ್ಲೂ, ಫಿಟ್ಸಿಗೆ ಕೊಡುವ ಫಿನೋಬಾರ್ಬಿಟಾಲ್‌ನಿಂದಲೂ ರಕ್ತದಲ್ಲಿ ಟಿ4 ಎಂಬ ಥೈರಾಯ್ಡ್ ಹಾರ್ಮೋನು ಇಳಿಯುತ್ತದೆ. ಓಟಕ್ಕೆ ಹೆಸರಾದ ಗ್ರೇಹೌಂಡಿನಲ್ಲಿ ಅದು ಹುಟ್ಟಿನಿಂದಲೇ ಕಡಿಮೆ. ಅದೇ ಮೈಕಟ್ಟಿನ ನಮ್ಮ ಮುಧೋಳ ನಾಯಿಯ ವರದಿಯನ್ನೂ ವೈದ್ಯರು ಎರಡು ಸಲ ಓದುವುದು ಒಳ್ಳೆಯದು. ಗ್ರಂಥಿಯನ್ನು ದುಡಿಸುವ ಹಾರ್ಮೋನಾದ ಟಿಎಸ್ಎಚ್‌ನ ಮಟ್ಟವನ್ನೂ ಜೊತೆಗಿಟ್ಟು, ಲಕ್ಷಣ ನೋಡಿ ರೋಗ ಖಚಿತವಾದರೆ ಲೆವೊಥೈರಾಕ್ಸಿನ್ ಎಂಬ ಥೈರಾಯ್ಡ್ ಮಾತ್ರೆ ಜೀವನಪೂರ್ತಿ. ಮನೆಯೊಡತಿ ದಿನಕ್ಕೆ 0.1 ಮಿಲಿಗ್ರಾಂ ನುಂಗುತ್ತಿದ್ದರೆ, ಅವರ ಅರ್ಧ ತೂಕದ, 30 ಕಿಲೋದ ನಾಯಿಗೆ ಸಾಮಾನ್ಯವಾಗಿ ಮೊದಲಿಗೇ 0.6 ಮಿಲಿಗ್ರಾಂ, ಅದೂ ದಿನಕ್ಕೆರಡು ಸಲ! ಮನುಷ್ಯರಲ್ಲಿ ವಾರಗಟ್ಟಲೆ ಉಳಿಯುವ ಹಾರ್ಮೋನನ್ನು ನಾಯಿ ಗಂಟೆಗಳಲ್ಲಿ ಖರ್ಚು ಮಾಡಿಬಿಡುತ್ತದೆ. ದುಂದುಗಾರ ಎನ್ನಿ ಬೇಕಾದರೆ, ಮೈಗಳ್ಳ ಎನ್ನಬೇಡಿ. ಚುರುಕು ಸಾಮಾನ್ಯವಾಗಿ ಒಂದೆರಡು ವಾರದಲ್ಲೇ ಮರಳುತ್ತದೆ, ಕೂದಲಿಗೆ ತಿಂಗಳುಗಳು ಬೇಕು. ಅಲ್ಲಿಯವರೆಗೆ ಗೇಟಿಗೆ ಎಲ್ಲರಿಗಿಂತ ಮೊದಲು ಓಡುವುದು ಬೋಳು ಬಾಲದ ನಾಯಿಯೇ.