ಬೇಲಿ ಮೀಮಾಂಸೆ

ಶಾಸ್ತ್ರಗ್ರಂಥಕ್ಕೆ ಕೈಹಾಕುವ ಮುನ್ನ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಪೂರ್ವಸೂರಿಗಳ ಕಟ್ಟಳೆ. ಇಲ್ಲಿ ವಿಷಯ: ನಮೀಬಿಯಾ, ಬೋಟ್ಸ್ವಾನಾ, ಜಿಂಬಾಬ್ವೆ, ದಕ್ಷಿಣ ಆಫ್ರಿಕಾಗಳಲ್ಲಿ ಡೇರೆ ಹಾಕಿ ಮಲಗುವ ವಿದ್ಯೆ. ಅಧಿಕಾರಿ: ಬಾಡಿಗೆ ಹೈಲಕ್ಸ್ ಗಾಡಿಯ ನೆತ್ತಿಗೆ ಮಡಚುವ ಡೇರೆ ಕಟ್ಟಿಕೊಂಡು, ಹೊಲ ಕಾಯುವವನು ಅಟ್ಟಣೆ ಹತ್ತಿದಂತೆ ರಾತ್ರಿ ಏಣಿ ಹತ್ತುವವನು. ಸಂಬಂಧ: ಅವನಿಗೂ ಕೆಳಗೆ ಓಡಾಡುವ ಪ್ರಾಣಿಗೂ ಇರುವಂಥದು. ಪ್ರಯೋಜನ: ಬೆಳಗ್ಗೆ ಜೀವಸಹಿತ ಏಳುವುದು.

ಈ ವಿದ್ಯೆಯ ಮತಭೇದಗಳೆಲ್ಲ ಬೇಲಿಯಿಂದಲೇ ಹುಟ್ಟಿದವು.

ಮೊದಲನೆಯದು ದ್ವೈತ. ಮನುಷ್ಯ ಬೇರೆ, ಮೃಗ ಬೇರೆ, ನಡುವಿನ ಬೇಲಿ ಸತ್ಯ. ಇದರ ಮೂಲಪೀಠ ನಮೀಬಿಯಾದ ಎಟೋಶಾ. 1907ರಲ್ಲಿ ಜರ್ಮನ್ ಗವರ್ನರ್ ಫ್ರೀಡ್ರಿಶ್ ಫಾನ್ ಲಿಂಡೆಕ್ವಿಸ್ಟ್ ಅದನ್ನು ವನ್ಯಮೃಗಗಳ ಮೀಸಲು ಪ್ರದೇಶವೆಂದು ಘೋಷಿಸಿದ. ಅಲ್ಲಿನ ಒಕೌಕುಯೆಯೊ ಶಿಬಿರದ ಗೇಟು ಸೂರ್ಯನೊಂದಿಗೆ ತೆರೆದು ಸೂರ್ಯನೊಂದಿಗೇ ಮುಚ್ಚುತ್ತದೆ. ಕತ್ತಲಾದ ಮೇಲೆ ಗಿಡ್ಡ ಕಲ್ಲುಗೋಡೆಯ ಈಚೆ ಬೆಂಚಿನಲ್ಲಿ ಕೂತವರು, ಆಚೆ ದೀಪ ಹಾಕಿದ ಹೊಂಡಕ್ಕೆ ಕಪ್ಪು ಘೇಂಡಾಮೃಗ ನೀರಿಗೆ ಬರುವುದನ್ನು ಉಸಿರು ಬಿಗಿಹಿಡಿದು ನೋಡುತ್ತಾರೆ. ಆದರೆ ಅದೇ ಎಟೋಶಾದ ಹಲಾಲಿ ಶಿಬಿರದಲ್ಲಿ, ಊಟ ಮುಗಿಯುವ ಹೊತ್ತಿಗೆ ಹನಿ ಬ್ಯಾಜರ್ ಎಂಬ ತರಕರಡಿ ಬೇಲಿಯೊಳಗೇ ಪ್ರತ್ಯಕ್ಷವಾಗಿ, ಕಸದ ಡಬ್ಬಗಳನ್ನು ಒಂದೊಂದಾಗಿ ಉರುಳಿಸಿ ದ್ವೈತವನ್ನು ಖಂಡಿಸಿ ಹೋಗುತ್ತದೆ.

ಎರಡನೆಯದು ಅದ್ವೈತ. ಬಟವಾನಾ ಜನರು 1963ರಲ್ಲಿ ತಮ್ಮದೇ ನೆಲದಲ್ಲಿ ಸ್ಥಾಪಿಸಿದ ಬೋಟ್ಸ್ವಾನಾದ ಮೊರೆಮಿ ವನ್ಯಧಾಮದಲ್ಲಿ ಈ ಮತದವರು ಸೇರುತ್ತಾರೆ. ಥರ್ಡ್ ಬ್ರಿಡ್ಜ್ ಶಿಬಿರಕ್ಕೆ ಬೇಲಿಯೇ ಇಲ್ಲ. ಆನೆ, ಸಿಂಹ, ಕತ್ತೆಕಿರುಬ, ಡೇರೆವಾಸಿ ಎಲ್ಲರೂ ಒಂದೇ. ಭೇದ ತೋರುವುದು ಟಾರ್ಚು ಬೀಸಿದಾಗ ಎರಡು ಕಣ್ಣು ಹೊಳೆದರೆ ಮಾತ್ರ. ಹಗಲಿನಲ್ಲಿ ಬಬೂನ್ ಕೋತಿಗಳು ಡೇರೆಯ ಜಿಪ್ಪೆಳೆದು ಮಾಯೆಯ ಪರದೆ ಸರಿಸುತ್ತವೆ, ಒಳಗಿನ ಬ್ರೆಡ್ಡನ್ನೂ ಒಯ್ಯುತ್ತವೆ. ಜಿಂಬಾಬ್ವೆಯ ಮಾನಾ ಪೂಲ್ಸ್ ಇನ್ನೂ ಕಟ್ಟುನಿಟ್ಟು: ಕಿತ್ತಳೆ, ನಿಂಬೆ ಜಾತಿಯ ಹಣ್ಣು ಒಳಗೆ ತರುವಂತಿಲ್ಲ. ವಾಸನೆ ಹಿಡಿದ ಆನೆಗೆ ಕಾರಿನ ಬಾಗಿಲು ಅಡ್ಡಿಯಲ್ಲ.

ಮೂರನೆಯದು ವಿಶಿಷ್ಟಾದ್ವೈತ. ಬೋಟ್ಸ್ವಾನಾದ್ದೇ ಆದ ಚೋಬೆ ಉದ್ಯಾನದ ಸವುಟಿ ಶಿಬಿರದಲ್ಲಿ ಬಾಯಾರಿದ ಆನೆಗಳು ನೀರಿನ ಪೈಪುಗಳನ್ನು ಕಿತ್ತು ಸ್ನಾನದ ಮನೆಯನ್ನು ಬಿಡದೆ ಕಾಡಿದವು. ಕೊನೆಗೆ ಶಿಬಿರಕ್ಕೆ ಬೇಲಿ ಹಾಕುವ ಬದಲು ಬಚ್ಚಲು-ಕಕ್ಕಸುಗಳ ಸುತ್ತ ಮಾತ್ರ ಕೋಟೆಯಂಥ ದಪ್ಪ ಗೋಡೆ ಎದ್ದಿತು. ಮಲಗುವವನು ಬಯಲಲ್ಲಿ, ಕಮೋಡು ಕೋಟೆಯಲ್ಲಿ.

ಇನ್ನು ಮಾಂಸ ಪ್ರಕರಣ. ಈ ಸೀಮೆಯ ದೊಡ್ಡ ಬೇಲಿಗಳು ಶಿಬಿರದವಲ್ಲ, ದನದವು. ಕಾಲುಬಾಯಿ ರೋಗ ಹರಡದಂತೆ, ದನದ ಮಾಂಸದ ರಫ್ತು ನಿಲ್ಲದಂತೆ ಬೋಟ್ಸ್ವಾನಾದಲ್ಲಿ 1950ರ ದಶಕದಿಂದ ಅವು ಏಳತೊಡಗಿದವು. ಕೂಕೆ ಬೇಲಿ 1958ರದ್ದು. 1980ರ ದಶಕದ ಬರದಲ್ಲಿ ನೀರು ಹುಡುಕಿ ಹೊರಟ ವೈಲ್ಡ್‌ಬೀಸ್ಟ್‌ಗಳು ಇಂಥ ತಂತಿಗಳಿಗೆ ಸಿಕ್ಕಿ, ದಾರಿ ತಪ್ಪಿ ಸಾವಿರಾರು ಸಂಖ್ಯೆಯಲ್ಲಿ ಸತ್ತವು. ಮತಾಚಾರ್ಯರು ಈ ಅಧ್ಯಾಯವನ್ನು ಬೇಗ ಬೇಗ ಓದಿ ಮುಗಿಸುವುದುಂಟು.

ಡೇರೆವಾಸಿಗೆ ಈ ಬೇಲಿ ತಾಗುವುದು ಫ್ರಿಜ್ಜಿನಲ್ಲಿ. ಬೋಟ್ಸ್ವಾನಾದ ಮಾವುನ್ ಪಟ್ಟಣದ ಕಡೆಯಿಂದ ದಕ್ಷಿಣಕ್ಕೆ ಇಳಿಯುವಾಗ ತಪಾಸಣೆ ಗೇಟಿನಲ್ಲಿ ಡಬ್ಬ ತೆರೆಸುತ್ತಾರೆ, ಹಸಿ ಮಾಂಸ ಕಿತ್ತುಕೊಳ್ಳುತ್ತಾರೆ, ಸೋಡಾ ನೀರಿನಲ್ಲಿ ನೆನೆದ ಚಾಪೆಯ ಮೇಲೆ ಚಪ್ಪಲಿ ತುಳಿಸುತ್ತಾರೆ. ಬೇಯಿಸಿದ್ದಕ್ಕೆ ತಕರಾರಿಲ್ಲ. ಹಾಗಾಗಿ ಗೇಟಿಗೆ ಮುಂಚೆಯೇ ಯಾವುದೋ ಮುಳ್ಳುಮರದಡಿ ಗಾಡಿ ನಿಲ್ಲಿಸಿ, ಇದ್ದಬದ್ದ ತುಂಡನ್ನೆಲ್ಲ ಅಗ್ನಿಗೆ ಅರ್ಪಿಸುವ ಪ್ರಾಯಶ್ಚಿತ್ತ ರೂಢಿಯಲ್ಲಿದೆ.

ಆ ಅಗ್ನಿಕಾರ್ಯಕ್ಕೆ ಬ್ರಾಯ್ ಎಂದು ಹೆಸರು. ಕ್ಯಾಮಲ್‌ಥಾರ್ನ್ ಕಟ್ಟಿಗೆ ಉತ್ತಮ, ಇದ್ದಿಲು ಮಧ್ಯಮ, ಗ್ಯಾಸು ಪಾಷಂಡ. ಉರಿಯ ಮೇಲೆ ಸುಡುವವನು ಅವಸರಗೇಡಿ. ಕೆಂಡವಾಗುವ ತನಕ ಕಾಯಬೇಕು, ಕಾಯುವಾಗ ಬಿಯರು ವಿಹಿತ. ಇಕ್ಕಳ ಒಬ್ಬನದು. ಉಳಿದವರು ಸುತ್ತ ನಿಂತು ಎಷ್ಟು ಬೇಕಾದರೂ ಸಲಹೆ ಕೊಡಬಹುದು, ಇಕ್ಕಳ ಮಾತ್ರ ಮುಟ್ಟುವಂತಿಲ್ಲ. ಸುರುಳಿ ಸುತ್ತಿದ ಬೂರವೋರ್ಸ್ ಸಾಸೇಜಿನಲ್ಲಿ ಕನಿಷ್ಠ 90% ಮಾಂಸ ಇರಬೇಕು, ಕೊಬ್ಬು 30% ಮೀರಬಾರದು ಎಂದು ದಕ್ಷಿಣ ಆಫ್ರಿಕಾದ ಕಾನೂನೇ ವಿಧಿಸಿದೆ. ಸೆಪ್ಟೆಂಬರ್ 24ರ ಹೆರಿಟೇಜ್ ಡೇಯನ್ನು ಬ್ರಾಯ್ ದಿನವಾಗಿಯೂ ಆಚರಿಸುವ ಚಳವಳಿಗೆ 2007ರಲ್ಲಿ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರೇ ಪೋಷಕರಾದರು. ಅದ್ವೈತ ಶಿಬಿರದಲ್ಲಿ ಈ ಬೆಂಕಿಯ ಬೆಳಕಿನ ಅಂಚೇ ಬೇಲಿ ಎಂದು ಡೇರೆವಾಸಿ ನಂಬುತ್ತಾನೆ. ಕತ್ತೆಕಿರುಬ ನಂಬುವುದಿಲ್ಲ.

ಫಲಶ್ರುತಿ: ನಮೀಬಿಯಾದ ಸೆಸ್ರಿಯೆಮ್ ಶಿಬಿರದಲ್ಲಿ ಗೇಟಿನೊಳಗೆ ಮಲಗಿದವನಿಗೆ ಸೂರ್ಯೋದಯಕ್ಕೆ ಒಂದು ಗಂಟೆ ಮುಂಚೆಯೇ ಸೊಸ್ಸುಸ್‌ಫ್ಲೇಯ ಮರಳುದಿಬ್ಬಗಳತ್ತ ಹೊರಡುವ ಯೋಗ, ಹೊರಗೆ ಮಲಗಿದವನಿಗೆ ಸರದಿ.

ಬಗೆಹರಿಯದೆ ಉಳಿದದ್ದು ನಡುರಾತ್ರಿಯ ಲಘುಶಂಕೆಯೊಂದೇ. ಏಣಿ ಇಳಿಯಬಾರದು ಎಂಬುದರಲ್ಲಿ ಮೂರೂ ಮತಗಳಲ್ಲಿ ಅದ್ವೈತಿಗಳೇ ಕಟ್ಟಾ ನಿಷ್ಠರು. ಡೇರೆಯೊಳಗೆ ಅಗಲ ಬಾಯಿಯ ಬಾಟಲಿ ಇಟ್ಟುಕೊಳ್ಳಬೇಕೆಂಬುದು ಅವರ ಸಮಾಧಾನ. ಸಂಜೆಯ ಮೇಲೆ ನೀರು, ಚಹಾ ಕಡಿಮೆ ಮಾಡಬೇಕೆಂದೂ ಹೇಳುತ್ತಾರೆ. ಬಿಯರಿನ ವಿಷಯದಲ್ಲಿ ಮಾತ್ರ ಎಲ್ಲ ಭಾಷ್ಯಕಾರರೂ ಮೌನ.